ಜಮಖಾನ ಹಾಸುವವನೂ ದೇಶದ ಪ್ರಧಾನಿಯೂ

ಸಿಟ್ಟು ಬಂದಾಗ ಗಿರಣಿ ಚಾಲೂ ಮಾಡಬಾರದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹಿಟ್ಟು ದಪ್ಪ ಬೀಳುತ್ತದಂತೆ. ಹಾಗಾದರೆ ಈ ವರ್ಷ ನಮ್ಮೂರಿನವರು ತಿಂದದ್ದೆಲ್ಲ ನುಚ್ಚಿನ ರೊಟ್ಟಿಯೇ ಇರಬೇಕು. ಯಾಕೆಂದರೆ ದಿಲ್ಲಿಯಲ್ಲಿ ಸರ್ವಹಿತ ಪಕ್ಷದವರು ಇದ್ದ ಪ್ರಧಾನಿಯನ್ನು ಇಳಿಸಿ ಹೊಸ ಪ್ರಧಾನಿಯನ್ನು ಹುಡುಕುತ್ತಿದ್ದರು, ನನ್ನ ಗಿರಣಿಯ ಗೋಡೆಗೆ ಟಿವಿ ಇತ್ತು, ಮತ್ತು ನಾನೂ ಉಪ್ಪು ಖಾರ ತಿನ್ನುವ ಮನುಷ್ಯ.

ಹಳೆಯ ಪ್ರಧಾನಿಯನ್ನು ಇಳಿಸಿದವರು ವಿರೋಧ ಪಕ್ಷದವರಲ್ಲ. ಅವರ ಬೆನ್ನ ಹಿಂದೆ ಕೂತು ಚಪ್ಪಾಳೆ ತಟ್ಟುತ್ತಿದ್ದವರೇ. ಸೋಮವಾರ ‘ನಮ್ಮ ನಾಯಕರಲ್ಲಿ ಪೂರ್ಣ ವಿಶ್ವಾಸವಿದೆ’ ಎಂದರು. ಅದೇ ವಾರದ ಸಂತೆ ಮುಗಿಯುವುದರೊಳಗೆ ರಾಜೀನಾಮೆ ಬರೆಸಿಕೊಂಡರು. ಆಮೇಲೆ ಖಾಲಿ ಕುರ್ಚಿಗೆ ಇಬ್ಬರು ನಿಂತರು. ಒಬ್ಬರು ಕೆಂಪು ಪಟಗಾ ಸುತ್ತುವ ಮುದುಕರು, ಇನ್ನೊಬ್ಬರು ದಪ್ಪ ಕನ್ನಡಕದ ಹೆಣ್ಣುಮಗಳು. ಇಬ್ಬರ ಹೆಸರೂ ನಮ್ಮ ನಾಲಿಗೆಗೆ ಹೊರಳದ ಕಾರಣ ಪಟಗಾದವರು, ಕನ್ನಡಕದವರು ಎಂದೇ ಕರೆದೆವು. ಪಟಗಾದವರ ಕಡೆಯ ಸಂಸದರನ್ನು ಒಂದು ರೆಸಾರ್ಟಿನಲ್ಲಿ, ಕನ್ನಡಕದವರ ಕಡೆಯವರನ್ನು ಇನ್ನೊಂದು ರೆಸಾರ್ಟಿನಲ್ಲಿ ಕೂಡಿಹಾಕಿದ್ದರು. ನಾವು ಓಟು ಹಾಕಿ ಕಳಿಸಿದ ಗಂಡಸರು ಈಜುವ ಹೊಂಡದಲ್ಲಿ ಮುಳುಗಿ ಎದ್ದು ‘ಪ್ರಜಾಪ್ರಭುತ್ವ ಅಪಾಯದಲ್ಲಿದೆ’ ಎಂದು ಟಿವಿಯವರಿಗೆ ಹೇಳುತ್ತಿದ್ದರು. ಇದನ್ನು ನೋಡಿದರೆ ಸಿಟ್ಟು ಬರುತ್ತದೆ, ನೋಡದಿದ್ದರೆ ಅನ್ನ ಅರಗುವುದಿಲ್ಲ.

ನನ್ನ ಬಾಜೂ ಮನೆಯ ಸಣ್ಣಪ್ಪ ಆ ಪಕ್ಷದವನು. ಎರಡೆಕರೆ ಕಡಲೆ ಬೆಳೆಯುವ ರೈತ, ಆದರೆ ಅವನ ಜೀವವಿರುವುದು ಪಕ್ಷದಲ್ಲಿ. ಪಕ್ಷದಲ್ಲಿ ಅವನ ಹುದ್ದೆ ಜಮಖಾನ ಹಾಸುವುದು. ನವಲಗುಂದ ತಾಲೂಕಿನಲ್ಲಿ ಸರ್ವಹಿತ ಪಕ್ಷದ ಸಭೆ ಎಲ್ಲಿಯೇ ಇರಲಿ, ಅವನ ಮನೆಯ ಜಮಖಾನ ಹೋಗಬೇಕು, ಅದರ ಜೊತೆ ಅವನೂ ಹೋಗಬೇಕು. ಹಾಸುತ್ತಾನೆ, ನಾಲ್ಕೂ ಮೂಲೆ ಎಳೆಯುತ್ತಾನೆ, ಬಾಗಿಲಲ್ಲಿ ನಿಲ್ಲುತ್ತಾನೆ. ದೊಡ್ಡವರು ಎದ್ದು ಹೋದ ಮೇಲೆ ಚುರುಮುರಿ, ಬೀಡಿ ತುಂಡು ಝಾಡಿಸಿ ಮಡಚಿ ಮನೆಗೆ ತರುತ್ತಾನೆ. ತಲೆಗೂದಲು ಕಪ್ಪಿದ್ದಾಗ ಶುರು ಮಾಡಿದ ಸೇವೆ, ಈಗ ಕೂದಲೇ ಉಳಿದಿಲ್ಲ. ಇಷ್ಟು ಕಾಲದಲ್ಲಿ ಆ ಜಮಖಾನದ ಮೇಲೆ ಒಮ್ಮೆಯೂ ಅವನು ಕೂತದ್ದಿಲ್ಲ. ‘ಮುಂದಿನ ಸಲ ನಿನ್ನನ್ನ ಕುರ್ಚಿ ಮ್ಯಾಲ ಕುಂದರಸ್ತೀವಿ’ ಎಂದು ಮೂವರು ತಾಲೂಕಾ ಅಧ್ಯಕ್ಷರು ಮಾತು ಕೊಟ್ಟಿದ್ದರು. ಅವರಲ್ಲಿ ಇಬ್ಬರು ತೀರಿಯೇ ಹೋದರು.

ಹಾಗೆ ನೋಡಿದರೆ ಜಮಖಾನ ಅವನದೂ ಅಲ್ಲ. ಅದು ಅವನ ಹೆಂಡತಿ ಮಹಾನಂದಾಳದು. ಅವಳ ಮದುವೆಗೆ ತವರಿನವರು ನವಲಗುಂದದಲ್ಲಿ ಜಮಖಾನ ನೇಯುವ ಮುಮತಾಜಳಿಗೆ ಹೇಳಿ ಮಗ್ಗದ ಮೇಲೆ ನೇಯಿಸಿಕೊಟ್ಟದ್ದು. ನಟ್ಟನಡುವೆ ಪಗಡಿ ಆಟದ ಪಟ, ಅಂಚಿಗೆ ನವಿಲು. ಇಡೀ ಊರು ಕೂತರೂ ಇನ್ನಷ್ಟು ಮಂದಿಗೆ ಜಾಗ ಉಳಿಯುವಷ್ಟು ದೊಡ್ಡದು. ನಮ್ಮ ಊರಿನಲ್ಲಿ ಬೀಗರನ್ನು ಕುರ್ಚಿಯ ಮೇಲೆ ಕೂಡಿಸಿ ಹೆಣ್ಣಿನ ಮಾತು ಆಡುವುದಿಲ್ಲ. ಹೆಣ್ಣಿನ ಮನೆಯ ಜಮಖಾನ ಹಾಸಬೇಕು, ಎರಡೂ ಕಡೆಯ ಹಿರಿಯರು ಅದರ ಮೇಲೆ ಕೂಡಬೇಕು, ಆಮೇಲೆಯೇ ಬಾಯಿ ಬಿಚ್ಚಬೇಕು. ಹಾಸಿಲ್ಲದ ಮನೆಯಲ್ಲಿ ಮಾತಿಲ್ಲ. ಇನ್ನೂ ಒಂದು ರೂಢಿಯಿದೆ. ಹಾಸಿದವನು ಅಂಚು ಹಿಡಿದು ಮಡಚಲು ಶುರು ಮಾಡಿದನೆಂದರೆ ಮಾತು ಮುಗಿಯಿತು ಎಂದರ್ಥ. ಎಂಥ ದೊಡ್ಡ ಮನುಷ್ಯನಾದರೂ ಏಳಬೇಕು. ಮಡಚುವ ಹಾಸಿನ ಮೇಲೆ ಕೂತವನಿಗೆ ಮಾನವಿಲ್ಲ ಎಂದು ಈ ಭಾಗದಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

ಒಂದು ದಿನ ಸಣ್ಣಪ್ಪ ಜೋಳ ಬೀಸಿಸಲು ಗಿರಣಿಗೆ ಬಂದಿದ್ದಾಗ ಟಿವಿಯಲ್ಲಿ ಆ ಪಕ್ಷದ ರಾಷ್ಟ್ರೀಯ ಅಧ್ಯಕ್ಷರು ಕಾಣಿಸಿಕೊಂಡರು. ನಮ್ಮದು ಮನೆತನದ ಪಕ್ಷವಲ್ಲ ಎಂದರು. ಮುಂದಿನ ಪ್ರಧಾನಿಯನ್ನು ಆರಿಸುವವನು ದಿಲ್ಲಿಯ ನಾಯಕನಲ್ಲ, ಹಳ್ಳಿಯಲ್ಲಿ ಜಮಖಾನ ಹಾಸುವ ಸಾಮಾನ್ಯ ಕಾರ್ಯಕರ್ತ ಎಂದರು. ಅವನ ಅಭಿಪ್ರಾಯ ಕೇಳಲು ನಮ್ಮ ವೀಕ್ಷಕರು ತಾಲೂಕು ತಾಲೂಕಿಗೂ ಹೊರಟಿದ್ದಾರೆ ಎಂದು ಹೇಳಿ ಕಣ್ಣು ಬೇರೆ ಒರೆಸಿಕೊಂಡರು. ನಾನು ಬೆಲ್ಟು ಹರಿಯುವ ಹಾಗೆ ಗಿರಣಿ ನಿಲ್ಲಿಸಿದೆ. ಇಂಥ ಹಸೀ ಸುಳ್ಳು ಕೇಳುತ್ತ ಜೋಳ ಬೀಸಲು ನನ್ನಿಂದಾಗುವುದಿಲ್ಲ.

ಅಲ್ಲಿಯೇ ಕಟ್ಟೆಯ ಮೇಲೆ ಶಾಕೀರ್ ಕೂತಿದ್ದ. ಟಂಟಂ ಆಟೋ ಓಡಿಸುವವನು. ಸಣ್ಣಪ್ಪನ ಜಮಖಾನವನ್ನು ಸಭೆಗಳಿಗೆ ಸಾಗಿಸುವವನೂ ಅವನೇ. ನಗದೇ ಚಾಷ್ಟಿ ಮಾಡುವುದರಲ್ಲಿ ಅವನ ಸಮ ಯಾರೂ ಇಲ್ಲ.

“ಕಾಕಾ, ತಾಲೂಕಿನ್ಯಾಗ ಆ ಪಾರ್ಟಿಗೆ ಜಮಖಾನ ಹಾಸಾಂವ ನೀ ಒಬ್ಬನ ಅಲ್ಲೇನು?” ಎಂದ.

ಸಣ್ಣಪ್ಪ ಬಹಳ ಹೊತ್ತು ವಿಚಾರ ಮಾಡಿ ಹೌದೆಂದ.

“ಮತ್ತ, ಇನ್ನ ನೀನ ಆರಿಸಬೇಕು. ಅಧ್ಯಕ್ಷರ ಬಾಯಿಲೇ ಬಂತಲ್ಲ.”

ಬೇರೆ ಯಾರೇ ಆಗಿದ್ದರೂ ನಕ್ಕು ಬಿಡುತ್ತಿದ್ದರು. ಸಣ್ಣಪ್ಪ ನಗಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಝಾಡಿಸಿ, ಮತ್ತೆ ನೀಟಾಗಿ ಹಾಕಿಕೊಂಡು, ಜೋಳದ ಡಬ್ಬಿಯನ್ನು ಗಿರಣಿಯಲ್ಲಿಯೇ ಬಿಟ್ಟು ಮನೆಗೆ ನಡೆದ. ದೇಶದ ಭಾರ ಬಿದ್ದವನು ಜೋಳದ ಭಾರ ಯಾಕೆ ಹೊತ್ತಾನು? ಡಬ್ಬಿಯನ್ನು ಆಮೇಲೆ ನಾನೇ ಹೊತ್ತು ಮುಟ್ಟಿಸಿದೆ.

ಸುದ್ದಿ ನಮ್ಮೂರಿನಲ್ಲಿ ಕಾಲಿಲ್ಲದೆ ನಡೆಯುತ್ತದೆ. ಪ್ರಧಾನಿಯನ್ನು ಆರಿಸುವವನು ನಮ್ಮ ಸಣ್ಣಪ್ಪ ಎಂದು ಮರುದಿನವೇ ಮಂದಿ ಅವನ ಅಂಗಳಕ್ಕೆ ಬಂದರು. ಪುಂಡಲೀಕ ಮಾಸ್ತರಿಗೆ ದುಮ್ಮವಾಡದಿಂದ ಇತ್ತ ಕಡೆ ವರ್ಗವಾಗಬೇಕಿತ್ತು. ಹುಬ್ಬಳ್ಳಿಯ ಬಸ್ಸು ಊರೊಳಗೆ ಬಂದು ಹೋಗಲಿ ಎಂದು ಹೆಂಗಸರು ಕೇಳಿದರು. ಹೆಬ್ಬೆಟ್ಟು ಒತ್ತಿದರೆ ರೇಷನ್ ಅಂಗಡಿಯ ಯಂತ್ರ ಒಪ್ಪುವುದಿಲ್ಲ, ಆರು ತಿಂಗಳಿಂದ ಅಕ್ಕಿ ಬಂದಿಲ್ಲ ಎಂದು ಒಬ್ಬ ಅಜ್ಜಿ ತನ್ನ ಸವೆದ ಬೆರಳು ತೋರಿಸಿದಳು. ಸಣ್ಣಪ್ಪ ಎಲ್ಲವನ್ನೂ ಕೇಳಿ, ಹೊಸ ಪ್ರಧಾನಿಗೆ ಹೇಳುತ್ತೇನೆಂದು ತಲೆಯಾಡಿಸಿದ. ನಾನು ಸಿಟ್ಟಿನಿಂದ ಹೇಳಿದೆ, ಅಜ್ಜಿಯ ಬೆರಳನ್ನು ಊರಿನ ಲೆಕ್ಕಿಗ ತಲಾಠಿಗೆ ತೋರಿಸಲಿ, ಪ್ರಧಾನಿಗಲ್ಲ ಎಂದು. ಆ ಅಜ್ಜಿ ತಲಾಠಿಯ ಕಚೇರಿಗೆ ಆಗಲೇ ತಿರುಗಿ ತಿರುಗಿ ಚಪ್ಪಲಿ ಸವೆಸಿದ್ದಳು. ಆದರೆ ತಮಾಷೆ ನೋಡಿ, ಸಣ್ಣಪ್ಪ ಅವಳನ್ನು ಕರೆದುಕೊಂಡು ಹೋಗಿ ನಿಂತ ಕೂಡಲೇ, ಯಾರು ಬಂದರೂ ಮೊಬೈಲಿನಿಂದ ಕಣ್ಣೆತ್ತದ ಆ ತಲಾಠಿ ಕುರ್ಚಿ ಬಿಟ್ಟು ಎದ್ದು ನಿಂತ. ಅಜ್ಜಿಗೆ ಅಕ್ಕಿ ಬಂತು. ಒಂದು ಸುಳ್ಳಿಗೆ ಎದ್ದು ನಿಲ್ಲುವ ಸರಕಾರ ಅಷ್ಟು ದಿನ ಒಂದು ಮುದಿ ಬೆರಳಿಗೆ ಯಾಕೆ ಏಳಲಿಲ್ಲ ಎಂದು ನಾನು ಇವತ್ತಿಗೂ ಕೇಳುತ್ತೇನೆ.

ಅಕ್ಕಿ ಬಂದದ್ದೇ ತಡ, ಊರಿನವರಿಗೆ ಇದ್ದ ಅಷ್ಟಿಷ್ಟು ಸಂಶಯವೂ ಹೋಯಿತು. ಅಣ್ಣಿಗೇರಿಯಿಂದ ಮಹಾನಂದಾಳ ತಮ್ಮ ಮೈಲಾರಿ ಬಂದಿಳಿದ. ಕರೆದವರಿಲ್ಲ, ಕಳಿಸಿದವರಿಲ್ಲ, ಬಂದವನೇ ಮಾಮನ ಫೋನು ತನ್ನ ಕೈಗೆ ತೆಗೆದುಕೊಂಡ. ಯಾರು ಫೋನು ಮಾಡಿದರೂ ‘ಸಾಹೇಬ್ರು ವಿಚಾರದಾಗ ಅದಾರ, ಆಮ್ಯಾಲ ಹಚ್ಚ್ರಿ’ ಎನ್ನುತ್ತಿದ್ದ. ಆ ಹೊತ್ತಿನಲ್ಲಿ ಸಾಹೇಬರು ಹಿತ್ತಲಿನಲ್ಲಿ ಎಮ್ಮೆಯ ಸಗಣಿ ಬಳಿಯುತ್ತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ಊರಿನ ಹುಚ್ಚು ಊರಿನಲ್ಲಿಯೇ ಇರುತ್ತಿತ್ತು. ಆದರೆ ತಾಲೂಕಾ ಅಧ್ಯಕ್ಷ ಪ್ರಭಂಜನ ವಕೀಲರ ಕಾರು ಸಣ್ಣಪ್ಪನ ಬಾಗಿಲಿಗೆ ಬಂತು. ವೀಕ್ಷಕರು ಬರುವ ದಿನ ಗೊತ್ತಾಗಿತ್ತು, ಜಮಖಾನ ಕಳೆದ ಸಲ ಧೂಳಾಗಿತ್ತು, ಈ ಸಲ ಹಾಗಾಗಬಾರದೆಂದು ಬೈಯಲು ಅವರು ಬಂದಿದ್ದರು. ವಕೀಲರು ಪಟಗಾದವರ ಬಣ. ಕಾರನ್ನು ಕಂಡವರು ಮಹಿಳಾ ಘಟಕದ ಲೀಲಾಬಾಯಿಯವರಿಗೆ ಸುದ್ದಿ ಮುಟ್ಟಿಸಿದರು. ಅವರು ನಿವೃತ್ತ ಹೆಡ್‌ಮಾಸ್ತರಿಣಿ, ಕನ್ನಡಕದವರ ಬಣ. ವಕೀಲರು ಸುಮ್ಮನೆ ಅವನ ಮನೆಗೆ ಹೋಗುವವರಲ್ಲ, ದಿಲ್ಲಿಯಿಂದ ಏನೋ ಗುಟ್ಟಿನ ಮಾತು ಬಂದಿರಬೇಕು ಎಂದು ಅವರು ಒಂದು ಬುಟ್ಟಿ ಹಣ್ಣು ತೆಗೆದುಕೊಂಡು ಬಂದರು. ಹಣ್ಣಿನ ಬುಟ್ಟಿಯ ಸುದ್ದಿ ವಕೀಲರಿಗೆ ಹೋಯಿತು. ಬಾಯಿಯವರು ಹಣ್ಣು ಕೊಡಬೇಕಾದರೆ ಮೇಲಿನಿಂದ ಸೂಚನೆ ಬಂದಿರಲೇಬೇಕು ಎಂದು ಅವರು ಶಾಲು, ಹಾರ ಹಿಡಿದು ಎರಡನೆಯ ಸಲ ಬಂದರು. ಶಾಲಿನ ಸುದ್ದಿಗೆ ಬಾಯಿಯವರು ಸೀರೆ ತಂದರು. ಒಬ್ಬರನ್ನೊಬ್ಬರು ನೋಡಿ ಇಬ್ಬರೂ ನಂಬಿದರು. ಇಬ್ಬರೂ ಓದಿದವರು ಎಂಬುದನ್ನು ಇಲ್ಲಿ ದಯಮಾಡಿ ನೆನಪಿಡಬೇಕು.

ಸಣ್ಣಪ್ಪ ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದ. ನಿಮ್ಮ ನಾಯಕರು ಎಂದಾದರೂ ಜಮಖಾನ ಹಾಸಿದ್ದಾರೇನು, ಅಷ್ಟು ಹೇಳಿದರೆ ಸಾಕು ಎಂದ. ಪಟಗಾದವರು ಚಿಕ್ಕಂದಿನಲ್ಲಿ ಹಾಸಿ ಹಾಸಿಯೇ ಬೆನ್ನು ಬಾಗಿಸಿಕೊಂಡರು ಎಂದು ವಕೀಲರು ಹೇಳಿದರು. ಕನ್ನಡಕದವರು ಹಾಸಿದ್ದಷ್ಟೇ ಅಲ್ಲ, ಝಾಡಿಸಿದ್ದಾರೆ ಕೂಡ, ಆ ಧೂಳಿಗೇ ಕಣ್ಣು ಹೋಗಿ ಕನ್ನಡಕ ಬಂದದ್ದು ಎಂದು ಬಾಯಿಯವರು ಹೇಳಿದರು. ಸಣ್ಣಪ್ಪನಿಗೆ ತಲೆ ಕೆಟ್ಟಿತು. ಇಬ್ಬರೂ ಹಾಸಿದವರಾದರೆ ಯಾರನ್ನು ಆರಿಸಬೇಕು? ಅವನು ಎಮ್ಮೆಗೆ ಹುಲ್ಲು ಹಾಕುವುದನ್ನು ಮರೆತು ಕಟ್ಟೆಯ ಮೇಲೆ ಕೂತು ಯೋಚಿಸತೊಡಗಿದ. ದೇಶದಲ್ಲಿ ಅಷ್ಟು ಪ್ರಾಮಾಣಿಕವಾಗಿ ಆ ಬಗ್ಗೆ ಯೋಚಿಸಿದವನು ಅವನೊಬ್ಬನೇ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅದನ್ನು ನೋಡಿದರೆ ಅವನ ಮೇಲೂ ಸಿಟ್ಟು ಬರುತ್ತಿತ್ತು.

ಈ ಗದ್ದಲದಲ್ಲಿ ಯಾರಿಗೂ ಬೇಡವಾದ ಇನ್ನೊಂದು ಮಾತಿತ್ತು. ವೀಕ್ಷಕರು ಬರುವ ದಿನವೇ ಸಣ್ಣಪ್ಪನ ಮಗಳು ಗಂಗಾಳನ್ನು ಗೊತ್ತು ಮಾಡಲು ಕುಂದಗೋಳದ ಬೀಗರು ಬರುವವರಿದ್ದರು. ಒಳ್ಳೆಯ ಮನೆ, ಹುಡುಗ ಸಹಕಾರಿ ಸಂಘದಲ್ಲಿ ಕೆಲಸದಲ್ಲಿದ್ದವನು, ಗಂಗಾಳಿಗೂ ಮನಸ್ಸಿತ್ತು. ಹುಡುಗನ ದೊಡ್ಡಪ್ಪ ಹಳೆಯ ಕಾಲದ ಮನುಷ್ಯ, ರೀತಿ ರಿವಾಜು ಒಂದು ಎಳೆ ತಪ್ಪಿದರೂ ಎದ್ದು ಹೋಗುವವನು ಎಂದು ನಡುವಿನವರು ಮೊದಲೇ ಹೇಳಿದ್ದರು. ಬೀಗರ ದಿನ ಬದಲಿಸಲು ಸಣ್ಣಪ್ಪನಿಗೆ ಧೈರ್ಯವಿರಲಿಲ್ಲ, ವೀಕ್ಷಕರ ದಿನ ಬದಲಿಸಲು ಅಧಿಕಾರವಿರಲಿಲ್ಲ. ಅದಕ್ಕೇ ಎರಡಕ್ಕೂ ಹೂಂ ಎಂದುಬಿಟ್ಟಿದ್ದ. ಸಭೆ ಮುಂಜಾನೆ ಮುಗಿಯುತ್ತದೆ, ಬೀಗರು ಬರುವುದು ಮಧ್ಯಾಹ್ನ, ಅಷ್ಟರಲ್ಲಿ ಜಮಖಾನ ಮನೆಯಲ್ಲಿ ಇರುತ್ತದೆ ಎಂದು ಅವನ ಲೆಕ್ಕ.

ಮಹಾನಂದಾ ಜಗಳವಾಡುವ ಹೆಂಗಸಲ್ಲ. ಅವತ್ತು ಮುಂಜಾನೆ ಶಾಕೀರನ ಟಂಟಂಗೆ ಜಮಖಾನ ಏರಿಸುವಾಗ ಬಾಗಿಲಿಗೆ ಬಂದು ನಿಂತಳು. ಗಿರಣಿಯ ಬೆಲ್ಟು ತರಲೆಂದು ನಾನೂ ಟಂಟಂನಲ್ಲಿ ಕೂತಿದ್ದೆ.

“ಆ ಜಮಖಾನದ ಮ್ಯಾಲ ಊರಿನ ಹೊಲಸೆಲ್ಲಾ ಕುಂತು ಹೋತು. ನಾ ಒಂದ ದಿನ ಬ್ಯಾಡ ಅಂದಿಲ್ಲ,” ಎಂದಳು. “ಇವತ್ತ ನನ್ನ ಮಗಳ ಮಾತೈತಿ. ಬೀಗರು ಬಂದಾಗ ಅದು ಇಲ್ಲಿ ಇರದಿದ್ರ, ನೀವೂ ಅಲ್ಲೇ ಇದ್ದ ಬಿಡ್ರಿ.”

ಸಣ್ಣಪ್ಪ ವಕೀಲರು ಕೊಟ್ಟ ಶಾಲು ಹೊದ್ದುಕೊಂಡಿದ್ದ. ದೇಶದ ಮಾತೂ ಇದೆಯಲ್ಲ, ಮಹಾನಂದಾ, ಎಂದು ಮೆಲ್ಲಗೆ ಹೇಳಿದ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನವಲಗುಂದದ ಕಲ್ಯಾಣ ಮಂಟಪದಲ್ಲಿ ಸಭೆ. ಸರಳತೆ ಕಾಣಿಸಬೇಕೆಂದು ಪಕ್ಷದವರು ನೆಲದ ಮೇಲೆ ಕೂಡುತ್ತಾರೆ. ನೆಲ ಒತ್ತಬಾರದೆಂದು ಕೆಳಗೆ ಜಮಖಾನ, ದೊಡ್ಡವರಿಗೆ ಅದರ ಮೇಲೆ ಗಾದಿ, ಬೆನ್ನಿಗೆ ಲೋಡು. ಇಷ್ಟು ಕಷ್ಟಪಟ್ಟು ಸರಳವಾಗಿರುವವರನ್ನು ನಾನು ಬೇರೆ ಎಲ್ಲಿಯೂ ಕಂಡಿಲ್ಲ. ಸಣ್ಣಪ್ಪ ಪಗಡಿ ಪಟ ಸರಿಯಾಗಿ ಸಭಾಂಗಣದ ನಡುವೆ ಬರುವ ಹಾಗೆ ಹಾಸಿದ. ಅದರ ಒಂದು ಕಡೆ ವಕೀಲರ ಬಣ ಕೂತಿತು, ಇನ್ನೊಂದು ಕಡೆ ಬಾಯಿಯವರ ಬಣ. ಸಣ್ಣಪ್ಪ ಬಾಗಿಲಲ್ಲಿ ನಿಂತ. ಇವತ್ತಾದರೂ ಕೂಡು ಎಂದು ನಾನು ಹೇಳಿದೆ. ಕರೆಯುತ್ತಾರೆ, ಕರೆದಾಗ ಹೋಗುತ್ತೇನೆ ಎಂದ. ಮೈಲಾರಿ ಮಾಮನ ಶಾಲಿನ ನಿರಿಗೆ ಸರಿಪಡಿಸಿದ.

ಮುಂಜಾನೆ ಬರಬೇಕಾದ ವೀಕ್ಷಕರು ಮಧ್ಯಾಹ್ನವಾದರೂ ಬರಲಿಲ್ಲ. ಹುಬ್ಬಳ್ಳಿಯಲ್ಲಿ ನಾಷ್ಟಾ ಮಾಡುತ್ತಿದ್ದಾರೆ ಎಂಬ ಸುದ್ದಿ ಬಂತು, ಆಮೇಲೆ ಊಟ ಮಾಡುತ್ತಿದ್ದಾರೆ ಎಂಬ ಸುದ್ದಿ ಬಂತು. ಹೊಟ್ಟೆ ತುಂಬಿದ ಮೇಲೆ ಬಂದರು. ಬಂದ ಗಳಿಗೆಯಲ್ಲಿಯೇ ಮಹಾನಂದಾಳ ಫೋನೂ ಬಂತು. ಬೀಗರು ಬಂದು ಅಂಗಳದ ಬೇವಿನ ಗಿಡದ ಕೆಳಗೆ ನಿಂತಿದ್ದಾರೆ, ಪ್ಲಾಸ್ಟಿಕ್ ಕುರ್ಚಿ ಹಾಕಿದರೆ ದೊಡ್ಡಪ್ಪ ಅದರ ಕಡೆ ನೋಡಲೂ ಇಲ್ಲ, ಮನೆಯಲ್ಲಿ ಹಾಸಿಲ್ಲವೇ ಎಂದು ಕೇಳುತ್ತಿದ್ದಾನೆ, ಗಂಗಾ ಒಳಗೆ ಅಳುತ್ತಿದ್ದಾಳೆ. ಮೈಲಾರಿ ರೂಢಿಯಂತೆ ‘ಸಾಹೇಬ್ರು ವಿಚಾರದಾಗ ಅದಾರ’ ಎಂದ. ಅಕ್ಕ ಆ ಕಡೆಯಿಂದ ಏನು ಹೇಳಿದಳೋ, ಅವನು ಫೋನನ್ನು ಕೆಂಡದ ಹಾಗೆ ಮಾಮನ ಕೈಗೆ ಕೊಟ್ಟ.

ಐದು ನಿಮಿಷ ಎಂದ ಸಣ್ಣಪ್ಪ. ನನ್ನ ಅಭಿಪ್ರಾಯ ಹೇಳಿ ಬಂದೇಬಿಟ್ಟೆ ಎಂದ.

ವೀಕ್ಷಕರು ಗಾದಿಯ ಮೇಲೆ ಲೋಡಿಗೆ ಒರಗಿ ಹಿಂದಿಯಲ್ಲಿ ಮಾತಾಡಿದರು, ವಕೀಲರು ಕನ್ನಡಕ್ಕೆ ತಿರುಗಿಸಿದರು. ಸಾಮಾನ್ಯ ಕಾರ್ಯಕರ್ತನೇ ಪಕ್ಷದ ದೇವರು ಎಂದರು. ಚಪ್ಪಾಳೆ ಬಿತ್ತು. ಆ ದೇವರ ಅಭಿಪ್ರಾಯ ಕೇಳಲು ದಿಲ್ಲಿಯಿಂದ ಬಂದಿದ್ದೇನೆ ಎಂದರು. ಮತ್ತೂ ಚಪ್ಪಾಳೆ ಬಿತ್ತು. ಸಣ್ಣಪ್ಪ ಶಾಲು ಸರಿಪಡಿಸಿಕೊಂಡು ಒಂದು ಹೆಜ್ಜೆ ಮುಂದಿಟ್ಟ. ವೀಕ್ಷಕರು ಕಿಸೆಯಿಂದ ಒಂದು ಚೀಟಿ ತೆಗೆದು ಕೊಟ್ಟರು. ವಕೀಲರು ಓದಿದರು: ‘ಹೊಸ ಪ್ರಧಾನಿಯನ್ನು ಆರಿಸುವ ಸಂಪೂರ್ಣ ಅಧಿಕಾರವನ್ನು ಈ ಸಭೆಯು ಒಮ್ಮತದಿಂದ ಹೈಕಮಾಂಡಿಗೆ ಬಿಟ್ಟಿದೆ.’

ಒಂದೇ ಸಾಲು. ದಿಲ್ಲಿಯಿಂದ ಬರೆದುಕೊಂಡು ತಂದ ಸಾಲು. ಇವರು ಕೇಳಲು ಬಂದದ್ದಲ್ಲ, ನೀವು ಹೀಗೆ ಹೇಳಿದಿರಿ ಎಂದು ನಮಗೇ ಹೇಳಲು ಬಂದದ್ದು. ವಕೀಲರ ಬಣ ಕೈ ಎತ್ತಿತು, ಬಾಯಿಯವರ ಬಣವೂ ಕೈ ಎತ್ತಿತು. ಒಂದು ತಿಂಗಳಿಂದ ಒಬ್ಬರ ಮುಖ ಒಬ್ಬರು ನೋಡದಿದ್ದವರ ಕೈಗಳು ಒಂದೇ ಸಲ ಮೇಲೆದ್ದವು. ಬೆಲ್ಟು ಕೈಯಲ್ಲಿ ಹಿಡಿದು ಕಿಟಕಿಯ ಹೊರಗೆ ನಿಂತಿದ್ದ ನನಗೆ ಆ ಬೆಲ್ಟಿನಿಂದ ಯಾರಿಗಾದರೂ ಬಾರಿಸಬೇಕೆನಿಸಿತು.

ಆಗ ಬಾಗಿಲಿನಿಂದ ಸಣ್ಣಪ್ಪನ ದನಿ ಬಂತು.

“ನನ್ನ ಕೇಳಲಿಲ್ಲಲ್ರಿ.”

ಎಲ್ಲರೂ ತಿರುಗಿ ನೋಡಿದರು. ಅವನು ಕೈ ಮುಗಿದುಕೊಂಡೇ ನಿಂತಿದ್ದ. “ಇಬ್ಬರೊಳಗ ಖರೇ ಜಮಖಾನ ಹಾಸಿದವರು ಯಾರು, ಅಷ್ಟ ಹೇಳ್ರಿ ಸಾಹೇಬ್ರ. ನಾ ಅವರ ಹೆಸರ ಹೇಳಿ ಮನಿಗೆ ಹೊಕ್ಕೀನಿ. ಮನ್ಯಾಗ ಬೀಗರು ಬಂದ ನಿಂತಾರ.”

ಯಾರು ಇವನು ಎಂದು ವೀಕ್ಷಕರು ವಕೀಲರನ್ನು ಕೇಳಿದರು. ಮನೆಗೆ ಎರಡು ಸಲ ಬಂದು ಶಾಲು ಹೊದಿಸಿದ ವಕೀಲರು ಬಾಯಿಯವರ ಕಡೆ ನೋಡಿದರು. ಹಣ್ಣು, ಸೀರೆ ತಂದ ಬಾಯಿಯವರು ಮೇಲಿನ ಫ್ಯಾನಿನ ಕಡೆ ನೋಡಿದರು. ಇಬ್ಬರಿಗೂ ಆ ಗಳಿಗೆಯಲ್ಲಿ ಎಲ್ಲ ತಿಳಿಯಿತು. ವಕೀಲರು ತಗ್ಗಿದ ದನಿಯಲ್ಲಿ, ಏನಿಲ್ಲ ಸಾಹೇಬರೇ, ಹಾಸುವ ಆಳು ಎಂದರು. ವೀಕ್ಷಕರು ನಕ್ಕರು. ಛಲೋ ಆಯಿತು, ಇನ್ನೊಂದು ಗಾದಿ ತಂದು ಹಾಸಲು ಹೇಳಿ, ನೆಲ ಒತ್ತುತ್ತಿದೆ ಎಂದರು.

ಇದನ್ನು ವಕೀಲರು ಕನ್ನಡಕ್ಕೆ ತಿರುಗಿಸುವ ಕಾರಣ ಬೀಳಲಿಲ್ಲ. ಇಷ್ಟು ವರ್ಷ ಬಾಗಿಲಲ್ಲಿ ನಿಂತು ಭಾಷಣ ಕೇಳಿದ ಸಣ್ಣಪ್ಪನಿಗೆ ಅಷ್ಟು ಹಿಂದಿ ಬರುತ್ತಿತ್ತು. ಅವನ ಮುಖ ಮೊದಲು ಬಿಳಿಚಿತು, ಆಮೇಲೆ ಕಿವಿಯ ತುದಿಯಿಂದ ಕೆಂಪೇರಿತು. ಸಿಟ್ಟಿನಲ್ಲಿ ನಾನು ಊರಿಗೆ ಹಿರಿಯ, ಆದರೆ ಅಂಥ ಸಿಟ್ಟನ್ನು ನಾನು ಕಂಡಿರಲಿಲ್ಲ. ಅವನು ಶಾಲು ತೆಗೆದು ಬಾಗಿಲ ಗೂಟಕ್ಕೆ ಹಾಕಿದ, ಬಾಗಿದ, ಜಮಖಾನದ ಅಂಚು ಹಿಡಿದು ಮಡಚತೊಡಗಿದ.

ಮೊದಲು ಬಾಗಿಲ ಹತ್ತಿರದ ಸಾಲು ಎದ್ದಿತು. ಯಾರೂ ಏಳಲು ಹೇಳಲಿಲ್ಲ, ಆದರೆ ಈ ನೆಲದ ಕಾಲುಗಳಿಗೆ ಆ ರೂಢಿ ಗೊತ್ತಿತ್ತು. ಒಂದು ಸಾಲು ಎದ್ದದ್ದು ಕಂಡು ಇನ್ನೊಂದು ಎದ್ದಿತು. ಬಾಯಿಯವರು ಸೆರಗು ಎಳೆದುಕೊಂಡು ದಡಬಡಿಸಿ ಎದ್ದರು. ವಕೀಲರು ‘ಲೇ ಸಣ್ಣಪ್ಪ, ಏನ್ ನಡಿಸೀದಿ, ಸಹಿ ಆಗೋದದ ಇನ್ನೂ’ ಎನ್ನುತ್ತ ಎನ್ನುತ್ತಲೇ ತಾವೂ ಎದ್ದು ನಿಂತಿದ್ದರು. ನಾಲಿಗೆ ಪಕ್ಷದ್ದಾದರೂ ಕಾಲು ನವಲಗುಂದದ್ದು.

ಉಳಿದವರು ವೀಕ್ಷಕರೊಬ್ಬರೇ. ಅವರಿಗೆ ನಮ್ಮ ರೂಢಿ ಏನು ಗೊತ್ತು? ಇಡೀ ಸಭೆ ಒಮ್ಮೆಗೇ ಎದ್ದು ನಿಂತದ್ದು ಕಂಡು ರಾಷ್ಟ್ರಗೀತೆ ಶುರುವಾಗುತ್ತದೆ ಎಂದುಕೊಂಡರು. ಲಗುಬಗೆಯಿಂದ ಎದ್ದು, ಎರಡೂ ಕೈ ತೊಡೆಗೆ ಹತ್ತಿಸಿ, ಎದೆ ಉಬ್ಬಿಸಿ, ಗದ್ದ ಮೇಲೆತ್ತಿ ನೆಟ್ಟಗೆ ನಿಂತರು. ಸಣ್ಣಪ್ಪ ಅವರ ಕಾಲ ಬುಡದ ಗಾದಿ ಎಳೆದ, ಲೋಡು ಸರಿಸಿದ, ‘ಕಾಲ್ ಎತ್ರಿ’ ಎಂದ. ಅವರು ಗದ್ದ ಇಳಿಸದೆಯೇ ಒಂದೊಂದಾಗಿ ಕಾಲು ಎತ್ತಿದರು. ಮೂಲೆಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ ಟಿವಿಯವರು ಎಲ್ಲವನ್ನೂ ಹಿಡಿದುಕೊಂಡರು. ಜಮಖಾನ ಬಗಲಿಗೆ ಬಂತು, ಸಣ್ಣಪ್ಪ ಹೊರಬಿದ್ದ. ಗೀತೆ ಯಾಕೆ ಇನ್ನೂ ಶುರುವಾಗಲಿಲ್ಲ ಎಂದು ವೀಕ್ಷಕರು ಬರಿಯ ನೆಲದ ಮೇಲೆ ನಿಂತುಕೊಂಡು ಕಾಯುತ್ತಿದ್ದರು.

ಶಾಕೀರ್ ಟಂಟಂ ಓಡಿಸಿದ್ದನ್ನು ಓಡಿಸಿದ ಎನ್ನುವ ಹಾಗಿಲ್ಲ. ತಗ್ಗಿನ ರಸ್ತೆಯಲ್ಲಿ ನಾವು ಕೂತದ್ದಕ್ಕಿಂತ ಹಾರಿದ್ದೇ ಹೆಚ್ಚು. ಸಣ್ಣಪ್ಪ ಜಮಖಾನವನ್ನು ತೊಡೆಯ ಮೇಲೆ ಅಪ್ಪಿಕೊಂಡು ಕೂತಿದ್ದ. ಮೈಲಾರಿ ಹಿಂದೆ ಕೂತು ತಾನು ಹಿಡಿದ ವಿಡಿಯೊವನ್ನು ಊರ ತುಂಬ ಕಳಿಸುತ್ತಿದ್ದ. ಬೀಗರು ಹೋಗಿಬಿಟ್ಟರೆ ಏನು ಮಾಡಲಿ ಬಸಣ್ಣ ಎಂದು ಸಣ್ಣಪ್ಪ ನನ್ನನ್ನು ಕೇಳಿದ. ಇನ್ನೂ ಜೋರಾಗಿ ಬಿಡು ಎಂದು ನಾನು ಶಾಕೀರನ ಬೆನ್ನಿಗೆ ಗುದ್ದಿದೆ.

ನಾವು ಮುಟ್ಟಿದಾಗ ಬೀಗರ ಗಾಡಿ ತಮ್ಮ ಊರ ಕಡೆ ಮುಖ ತಿರುಗಿಸಿ ನಿಂತಿತ್ತು. ದೊಡ್ಡಪ್ಪ ಕೈಕಟ್ಟಿಕೊಂಡು ಬೇವಿನ ಗಿಡದ ಕೆಳಗೆಯೇ ಇದ್ದ, ಅವನ ಹಿಂದೆ ಹುಡುಗರು ಒಂದು ಮೊಬೈಲಿನ ಸುತ್ತ ಗುಂಪುಗೂಡಿದ್ದರು. ಮಹಾನಂದಾ ಹೊಸ್ತಿಲಲ್ಲಿದ್ದಳು. ಗಂಡನ ಮುಖವನ್ನು ನೋಡದೆ ಅವಳು ಜಮಖಾನವನ್ನು ನೋಡಿದಳು. ಸಣ್ಣಪ್ಪ ಯಾರಿಗೂ ನಮಸ್ಕಾರ ಕೂಡ ಮಾಡಲಿಲ್ಲ. ಪಡಸಾಲೆಗೆ ಹೋಗಿ ಹಾಸಿದ. ನಾಲ್ಕೂ ಮೂಲೆ ಎಳೆದ. ಆಮೇಲೆ ಹೊರಗೆ ಬಂದು, ಎರಡೂ ಕೈ ಪಡಸಾಲೆಯ ಕಡೆ ಚಾಚಿ ಬರ್ರಿ ಎಂದ.

ದೊಡ್ಡಪ್ಪ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ.

“ನಾವು ಹೊಂಟಿದ್ವಿರಿ,” ಎಂದ. “ನಿಂದರಿಸಿ ಮಾನ ಕಳದ್ರು ಅಂತ ಗಾಡಿ ಹತ್ತಾವ್ರಿದ್ವಿ. ಅಷ್ಟ್ರಾಗ ಹುಡುಗ್ರು ಮೊಬೈಲ್ ತೋರಿಸಿದ್ರು. ದಿಲ್ಲಿಯವರನ್ನ ಎಬ್ಬಿಸಿ ನಮ್ಮನ್ನ ಕುಂದರಸಾಕ ಬರಾಕತ್ತಾರ ಅಂದ ಮ್ಯಾಲ, ಹ್ಯಾಂಗ ಹೋಗಬೇಕು ಹೇಳ್ರಿ?”

ಅವನು ಚಪ್ಪಲಿ ಬಿಟ್ಟು ಒಳಗೆ ನಡೆದ. ಪಗಡಿ ಪಟದ ಪಕ್ಕಕ್ಕೆ ಕೂತು, ನವಿಲಿನ ಅಂಚನ್ನು ಒಮ್ಮೆ ಕೈಯಿಂದ ಸವರಿದ. ಎರಡೂ ಕಡೆಯ ಹಿರಿಯರು ಕೂತರು. ಸಣ್ಣಪ್ಪ ರೂಢಿಯಂತೆ ಬಾಗಿಲಲ್ಲಿ ನಿಂತ.

ಹುಡುಗಿಯ ಅಪ್ಪ ನಿಂತರೆ ಮಾತು ಹೇಗೆ ಆಗುತ್ತದೆ, ಕೂಡಿರಿ ಎಂದು ದೊಡ್ಡಪ್ಪ ಪಕ್ಕದ ಜಾಗ ತೋರಿಸಿದ. ಸಣ್ಣಪ್ಪನಿಗೆ ಕೂಡಲು ಬರಲಿಲ್ಲ. ಮೊದಲು ಮಂಡಿಯೂರಿದ, ಆಮೇಲೆ ಒಂದು ಕಾಲು ಮಡಚಿದ, ಇನ್ನೊಂದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹೊರಗೆ ಚಾಚಿದ. ಮಹಾನಂದಾ ಸೆರಗು ಬಾಯಿಗೆ ಹಚ್ಚಿಕೊಂಡು ಒಳಗೆ ಹೋದಳು. ನಕ್ಕಳೋ ಅತ್ತಳೋ ನನಗೆ ಕಾಣಲಿಲ್ಲ. ನನಗೆ ಮಾತ್ರ ಕಣ್ಣು ತುಂಬಿ ಬಂತು, ಅದಕ್ಕೂ ಸಿಟ್ಟು ಬಂತು.

ಮಾತು ಗಟ್ಟಿಯಾಗಿ ಸಕ್ಕರೆ ಹಂಚುವ ಹೊತ್ತಿಗೆ ಟಿವಿಯಲ್ಲಿ ಸುದ್ದಿ ಬಂದಿತ್ತು. ಹೊಸ ಪ್ರಧಾನಿ ಪಟಗಾದವರೂ ಅಲ್ಲ, ಕನ್ನಡಕದವರೂ ಅಲ್ಲ. ಯಾರೂ ಕೇಳರಿಯದ ಮೂರನೆಯ ಒಬ್ಬರು. ನವಲಗುಂದದಂಥ ಊರುಗಳಲ್ಲಿ ಜಮಖಾನ ಹಾಸುವ ಕಾರ್ಯಕರ್ತರೇ ಇವರನ್ನು ಒಮ್ಮತದಿಂದ ಆರಿಸಿದರು, ನಮ್ಮ ವೀಕ್ಷಕರು ಎದ್ದು ನಿಂತು ಅವರಿಗೆ ಗೌರವ ಸಲ್ಲಿಸಿದರು ಎಂದು ರಾಷ್ಟ್ರೀಯ ಅಧ್ಯಕ್ಷರು ಹೇಳುತ್ತಿದ್ದರು. ಮತ್ತೆ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಸಣ್ಣಪ್ಪನ ಫೋನು ಬಡಿಯಿತು. ಪ್ರಭಂಜನ ವಕೀಲರು. ಆದದ್ದು ಆಗಿಹೋಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ, ನಾಳೆ ಮುಂಜಾನೆ ಹೊಸ ಪ್ರಧಾನಿಗಳ ವಿಜಯೋತ್ಸವವಿದೆ, ಎರಡೂ ಬಣ ಈಗ ಒಂದೇ, ಜಮಖಾನ ಲಗೂ ತಂದು ಹಾಸು ಎಂದು ಅವರು ಹೇಳುತ್ತಿರುವುದು ಪಡಸಾಲೆಗೆಲ್ಲ ಕೇಳುತ್ತಿತ್ತು. ಬೀಗರು ಸಣ್ಣಪ್ಪನ ಕಡೆ ನೋಡಿದರು. ಮಹಾನಂದಾ ಒಳಬಾಗಿಲಿಗೆ ಬಂದು ನಿಂತಳು. ಮೈಲಾರಿ ಫೋನಿಗೆ ಕೈ ಚಾಚಿದ, ಸಣ್ಣಪ್ಪ ಕೊಡಲಿಲ್ಲ.

ಅವನು ಚಾಚಿದ್ದ ಕಾಲನ್ನು ಒಳಗೆ ಎಳೆದುಕೊಂಡು, ನೆಟ್ಟಗೆ ಪಟ್ಟಾಗಿ ಕೂತ.

“ವಕೀಲ್ರ, ಜಮಖಾನ ಯಾರು ಹಾಸಬೇಕು ಅನ್ನೂದು ನಾ ಹೈಕಮಾಂಡಿಗೆ ಬಿಟ್ಟೀನ್ರಿ,” ಎಂದ. “ಅಲ್ಲಿಂದ ಯಾರರ ಬಂದು ಹಾಸ್ಲಿ.”